ಟಿಪ್ಪು ವಂಶದ ಅಮೆರಿಕನ್ ಕವಲು

ನಾನು ಹತ್ತನೇ ತರಗತಿಯಲ್ಲಿದ್ದಾಗ ನಾಲ್ಕನೇ ಮೈಸೂರು ಯುದ್ಧದ ಪಾಠ ಮುಗಿದ ದಿನ ಇನ್ನೂ ನೆನಪಿದೆ. ಟಿಪ್ಪು ಸುಲ್ತಾನ್ 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಮಡಿದರು ಎಂದು ಬರೆದುಕೊಂಡೆವು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಆಮೇಲೆ ಅವರ ಮಕ್ಕಳು ಎಲ್ಲಿಗೋದ್ರು ಸಾರ್?" ಎಂದು ಕೇಳಿದ. ಅಷ್ಟರಲ್ಲಿ ಗಂಟೆ ಹೊಡೆಯಿತು. "ನೀವೇ ಹುಡುಕಿ ಬನ್ರೋ" ಎಂದು ಮೇಷ್ಟ್ರು ನಗುತ್ತಾ ಹೊರಟರು.

ಆ ಮನೆತನ ನಮಗೆ ದೂರದ್ದಲ್ಲ. ಹೈದರ್ ಅಲಿ ಹುಟ್ಟಿದ್ದು ಬೂದಿಕೋಟೆಯಲ್ಲಿ. ಅವರ ತಂದೆಯ ಗೋರಿ ಕೋಲಾರದಲ್ಲಿದೆ. ಟಿಪ್ಪು 1750ರಲ್ಲಿ ಹುಟ್ಟಿದ್ದು ದೇವನಹಳ್ಳಿಯಲ್ಲಿ. ಶಿಡ್ಲಘಟ್ಟ, ವಿಜಯಪುರದ ಮೇಲೆ ಹೋದರೆ ನಮಗೆ ಅದು ಒಂದು ಬಸ್ಸಿನ ದಾರಿ.

ಟಿಪ್ಪು ಮಡಿದ ಮೇಲೆ ಬ್ರಿಟಿಷರು ಆತನ ಮಕ್ಕಳನ್ನೂ ಪರಿವಾರವನ್ನೂ ವೆಲ್ಲೂರು ಕೋಟೆಯಲ್ಲಿ ಇರಿಸಿದರು. 1806ರ ಜುಲೈನಲ್ಲಿ ಅಲ್ಲಿ ಸಿಪಾಯಿಗಳು ದಂಗೆಯೆದ್ದು ಮೈಸೂರಿನ ಬಾವುಟ ಹಾರಿಸಿದರು. ಅನುಮಾನ ಕೈದಿಗಳ ಮೇಲೂ ಬಂತು. ಕುಟುಂಬವನ್ನು ಕಲ್ಕತ್ತೆಗೆ ಸಾಗಿಸಲಾಯಿತು. ಮಗ ಗುಲಾಂ ಮೊಹಮ್ಮದ್ ಕಟ್ಟಿಸಿದ ಮಸೀದಿ ಅಲ್ಲಿನ ಧರ್ಮತಲಾದಲ್ಲಿ ಇಂದಿಗೂ ಇದೆ.

ಇನ್ನೊಂದು ಕವಲು ಅಮೆರಿಕದೊಂದಿಗೆ ಬೆಸೆದುಕೊಂಡಿತು. ಬರೋಡದ ಸಂಗೀತ ವಿದ್ವಾಂಸ ಮೌಲಾ ಬಕ್ಷ್ ಅವರ ಹೆಂಡತಿ ಟಿಪ್ಪುವಿನ ವಂಶದವರೆಂದು ಆ ಮನೆಯವರು ಹೇಳಿಕೊಂಡು ಬಂದಿದ್ದಾರೆ. ಮೌಲಾ ಬಕ್ಷ್ ಅವರ ಮಗಳ ಮಗ ಇನಾಯತ್ ಖಾನ್ 1910ರಲ್ಲಿ ಸಂಗೀತವನ್ನೂ ಸೂಫಿ ವಿಚಾರವನ್ನೂ ಹೊತ್ತು ಅಮೆರಿಕಕ್ಕೆ ಹೋದರು. ಅಲ್ಲಿ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ ಹುಟ್ಟಿದ ಓರಾ ರೇ ಬೇಕರ್ ಅವರ ಪರಿಚಯವಾಯಿತು. ಹುಡುಗಿಯ ಅಣ್ಣ ಒಪ್ಪಲಿಲ್ಲ. ಆದರೂ 1913ರಲ್ಲಿ ಲಂಡನ್ನಿನಲ್ಲಿ ಮದುವೆಯಾಯಿತು.

ಅವರ ಹಿರಿಯ ಮಗಳು ನೂರ್, 1914ರಲ್ಲಿ ಮಾಸ್ಕೋದಲ್ಲಿ ಹುಟ್ಟಿ ಪ್ಯಾರಿಸ್ಸಿನ ಬಳಿ ಬೆಳೆದರು. ಮಕ್ಕಳಿಗಾಗಿ ಜಾತಕ ಕತೆಗಳನ್ನು ಬರೆದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಗುಪ್ತ ವೈರ್‌ಲೆಸ್ ಆಪರೇಟರ್ ಆಗಿ 1943ರ ಜೂನ್‌ನಲ್ಲಿ ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ಇಳಿದರು. ಜೊತೆಯವರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ಹಿಂದಿರುಗಿ ಬಾ ಎಂದು ಮೇಲಿನವರು ಹೇಳಿದರೂ, ಸಂದೇಶ ಕಳಿಸುವವರು ಬೇರೆ ಇಲ್ಲವೆಂದು ಆಕೆ ಅಲ್ಲೇ ಉಳಿದರು. ಯಾರೋ ಹಣಕ್ಕಾಗಿ ಹಿಡಿದುಕೊಟ್ಟರು. ಸೆರೆಯಲ್ಲಿ ಬೇಡಿ ಹಾಕಿದರೂ ಬಾಯಿ ಬಿಡಲಿಲ್ಲ. 1944ರ ಸೆಪ್ಟೆಂಬರ್ 13ರಂದು ಡಾಖಾವ್ ಶಿಬಿರದಲ್ಲಿ ಗುಂಡಿಕ್ಕಿ ಕೊಂದರು. ಆಗ ಆಕೆಗೆ ಮೂವತ್ತು ವರ್ಷ. 1949ರಲ್ಲಿ ಜಾರ್ಜ್ ಕ್ರಾಸ್ ಪದಕ ಬಂತು. ಟಿಪ್ಪುವನ್ನು ಸೋಲಿಸಿದ ದೇಶವೇ ಕೊಟ್ಟ ಪದಕ ಅದು.

ನೂರ್ ಅವರ ತಮ್ಮ ವಿಲಾಯತ್ ಅಮೆರಿಕದಲ್ಲಿ ಸೂಫಿ ಕೇಂದ್ರ ಕಟ್ಟಿದರು. ಅವರ ಮಗ ಹುಟ್ಟಿದ್ದೂ ಅಮೆರಿಕದಲ್ಲೇ.

ವಂಶದ ನಂಟು ಮನೆಮಾತಿನಿಂದ ಬಂದದ್ದು. ನೂರ್ ಮಾಡಿದ ಕೆಲಸಕ್ಕೆ ಸರ್ಕಾರಿ ದಾಖಲೆಯಿದೆ. ಚರಿತ್ರೆ ಓದುವ ಮಕ್ಕಳು ಈ ವ್ಯತ್ಯಾಸ ಮರೆಯಬಾರದು. ಮುರುಗಮಲ್ಲದ ದರ್ಗಾಕ್ಕೆ ಎಲ್ಲ ಜಾತಿ ಮತದವರೂ ಬರುತ್ತಾರೆ, ಅಲ್ಲಿ ಯಾರೂ ಯಾರ ವಂಶವನ್ನೂ ಕೇಳುವುದಿಲ್ಲ. ಅದನ್ನು ನೋಡಿ ಬೆಳೆದ ನಮಗೆ ನೂರ್ ಅರ್ಥವಾಗುವುದು ಕಷ್ಟವಲ್ಲ.

ಹಿಂದಿನ ಬೆಂಚಿನ ಗೆಳೆಯ ಈ ಸಂಚಿಕೆ ಓದುತ್ತಿದ್ದರೆ, ಅವನ ಪ್ರಶ್ನೆಗೆ ಉತ್ತರ ತಡವಾಗಿಯಾದರೂ ತಂದಿದ್ದೇನೆ. ಈಗಿನ ಮೇಷ್ಟ್ರುಗಳಲ್ಲಿ ಒಂದೇ ಬೇಡಿಕೆ: 1799ರ ಪಾಠ ಮುಗಿದ ಮೇಲೆ ದಯವಿಟ್ಟು ಇನ್ನೈದು ನಿಮಿಷ ನಿಲ್ಲಿ.