ಭೂಗರ್ಭದ ನ್ಯೂಟ್ರಿನೊ ಮತ್ತು ಗಣಕದ ಲೆಕ್ಕ

ಭೂಮಿಯೊಳಗಿನ ಯುರೇನಿಯಂ, ಥೋರಿಯಂ ಮುಂತಾದ ಧಾತುಗಳು ಕ್ಷಯಿಸುವಾಗ ಶಾಖದೊಡನೆ ಹೊಮ್ಮುವ ಪ್ರತಿನ್ಯೂಟ್ರಿನೊ ಕಣಗಳಿಗೆ ಭೂನ್ಯೂಟ್ರಿನೊ ಎಂದು ಹೆಸರು. 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಪತ್ತೆಯಾದವು ವಾಯುಮಂಡಲದಲ್ಲಿ ಜನಿಸಿದ ನ್ಯೂಟ್ರಿನೊಗಳು. ಭೂಗರ್ಭದವುಗಳ ಸುಳಿವನ್ನು ಮೊದಲು ನೀಡಿದ್ದು 2005ರಲ್ಲಿ, ಜಪಾನಿನ ಕ್ಯಾಮ್‌ಲ್ಯಾಂಡ್ ಶೋಧಕ.

ಇಂತಹ ಶೋಧಕದ ಎಣಿಕೆಯಲ್ಲಿ ಭೂಕವಚ, ಅದರಡಿಯ ಮ್ಯಾಂಟಲ್, ಪರಮಾಣು ಸ್ಥಾವರ ಮೂರರ ಕಣಗಳೂ ಬೆರೆತಿರುತ್ತವೆ. ಅವುಗಳನ್ನು ಬೇರ್ಪಡಿಸಲು ತಂತ್ರಾಂಶ ನೆರವಾಗುತ್ತದೆ. ಅದು ಭೂಕವಚವನ್ನು ಚೌಕಗಳಾಗಿ ವಿಭಾಗಿಸಿ, ಪ್ರತಿಯೊಂದರ ದಪ್ಪ, ಶಿಲೆ, ಧಾತುಪ್ರಮಾಣ, ಶೋಧಕದಿಂದಿರುವ ದೂರಗಳನ್ನು ಆಧರಿಸಿ ಬರಬೇಕಾದ ಕಣಗಳನ್ನು ಗಣಿಸುತ್ತದೆ. ಭೂಕವಚದ ಹಾಗೂ ಸ್ಥಾವರಗಳ ಪಾಲನ್ನು ಕಳೆದರೆ ಉಳಿಯುವುದು ಮ್ಯಾಂಟಲ್‌ನ ಪಾಲು.

ಭೂಮಿಯಿಂದ ಹೊರಸೂಸುವ ಸುಮಾರು 47 ಟೆರಾವ್ಯಾಟ್ ಶಾಖದಲ್ಲಿ ಧಾತುಕ್ಷಯದ್ದೆಷ್ಟು, ಭೂಮಿ ರೂಪುಗೊಂಡಂದಿನಿಂದ ಉಳಿದದ್ದೆಷ್ಟು ಎಂಬುದನ್ನು ಅರಿಯಲು ಇದೇ ದಾರಿ ತೋರುತ್ತದೆ. ಆದರೆ ಭೂಕವಚದ ಅಂದಾಜು ತಪ್ಪಿದರೆ ಮ್ಯಾಂಟಲ್‌ನ ಲೆಕ್ಕವೂ ತಪ್ಪುತ್ತದೆ.