ನಿಂತ ಕಾರಿನ ಬ್ಯಾಟರಿಯೂ ಖಾಲಿಯಾಗುತ್ತೆ: ಗೋವಿನಕೋವಿ ಕಡೆಯ ಒಂದು ಲೆಕ್ಕ

ಗೋವಿನಕೋವಿಯಂಥ ಊರಲ್ಲಿ ಕಾರು ದಿನಾ ಓಡುವ ವಸ್ತುವಲ್ಲ. ಗದ್ದೆಗೆ, ತೋಟಕ್ಕೆ ಬೈಕ್ ಸಾಕು. ಕಾರು ಹೊರಗೆ ಬರೋದು ಹೊನ್ನಾಳಿಗೋ ನ್ಯಾಮತಿಗೋ ಕೆಲಸ ಬಿದ್ದಾಗ, ಮದುವೆ-ಮುಂಜಿ ಇದ್ದಾಗ, ಮತ್ತೆ ಮುಖ್ಯವಾಗಿ ರಾತ್ರಿ ಯಾರಿಗಾದರೂ ಎದೆನೋವು, ಹೆರಿಗೆನೋವು ಅಂದಾಗ. 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ಕಾಗದದಲ್ಲಿ ಹೊನ್ನಾಳಿ ಆ ಕಡೆ ಹೋಯಿತು. ಆದರೆ ದೊಡ್ಡಾಸ್ಪತ್ರೆ ಅಂದರೆ ಈ ಭಾಗದ ಬಹಳ ಜನ ಈಗಲೂ ಹಿಡಿಯೋದು ಶಿವಮೊಗ್ಗದ ದಾರಿ. 108 ಬರುವತನಕ ಕಾಯೋದಾ, ಪಕ್ಕದ ಮನೆ ಕಾರು ತೆಗೆಸೋದಾ ಅನ್ನುವ ಹೊತ್ತಲ್ಲಿ ಕೀ ತಿರುಗಿಸಿದರೆ ಬರೀ 'ಟಕ್ ಟಕ್' ಸದ್ದು ಬಂದರೆ? ಹಾಗಾಗಿ ನಾಲ್ಕೈದು ಸಾವಿರ ರೂಪಾಯಿಯ ಈ ಡಬ್ಬಿಯ ಬಗ್ಗೆ ಸ್ವಲ್ಪ ಲೆಕ್ಕ ಹಾಕಿ ಮಾತಾಡೋಣ.

ಹೆಚ್ಚಿನವರ ನಂಬಿಕೆ, ಕಾರು ಜಾಸ್ತಿ ಓಡಿಸಿದರೆ ಬ್ಯಾಟರಿ ಸವೆಯುತ್ತೆ ಅಂತ. ನಿಜ ಬಹುಪಾಲು ಉಲ್ಟಾ. ಸೆಲ್ಫ್ ಹೊಡೆಯುವಾಗ ಸ್ಟಾರ್ಟರ್ ಮೋಟಾರು ಸುಮಾರು 150 ಆಂಪಿಯರ್ ಎಳೆಯುತ್ತೆ ಅಂತ ಇಟ್ಟುಕೊಳ್ಳಿ. ಅದು ಮೂರು ಸೆಕೆಂಡಿನ ಕೆಲಸ. ಲೆಕ್ಕ ಮಾಡಿದರೆ ಖರ್ಚಾಗೋದು 0.125 ಆಂಪಿಯರ್-ಅವರ್, ಅಂದರೆ 35 ಎಎಚ್ ಬ್ಯಾಟರಿಯ ಅರ್ಧ ಪರ್ಸೆಂಟೂ ಅಲ್ಲ. ಕಾರು ಓಡುತ್ತಿದ್ದರೆ ಆಲ್ಟರ್ನೇಟರ್ ಅದನ್ನು ಕೆಲವೇ ನಿಮಿಷದಲ್ಲಿ ತುಂಬಿಸಿಬಿಡುತ್ತೆ.

ಈಗ ಶೆಡ್ಡಿನಲ್ಲಿ ಸುಮ್ಮನೆ ನಿಂತ ಕಾರು ನೋಡಿ. ಗಡಿಯಾರ, ಸೆಂಟ್ರಲ್ ಲಾಕ್, ಅಲಾರಂ, ಇಂಜಿನ್ ಕಂಪ್ಯೂಟರು, ಹೊರಗಿನಿಂದ ಹಾಕಿಸಿದ ಜಿಪಿಎಸ್ಸೋ ಮ್ಯೂಸಿಕ್ ಸಿಸ್ಟಮ್ಮೋ, ಇವೆಲ್ಲ ಸೇರಿ 30 ಮಿಲಿಆಂಪಿಯರ್ ಎಳೆಯೋದು ಸಹಜ. 50 ಮಿಲಿಆಂಪಿಯರ್ ಒಳಗಿದ್ದರೆ ದೋಷ ಅನ್ನೋ ಹಾಗಿಲ್ಲ. ಆದರೆ ಇದು ದಿನದ 24 ಗಂಟೆಯೂ ನಡೆಯುತ್ತೆ. ದಿನಕ್ಕೆ 0.72, ಇಪ್ಪತ್ತು ದಿನಕ್ಕೆ 14.4 ಆಂಪಿಯರ್-ಅವರ್. 35ರಲ್ಲಿ 14 ಹೋದರೆ ಹೆಚ್ಚುಕಡಿಮೆ 40 ಪರ್ಸೆಂಟ್ ಖಾಲಿ. ಬ್ಯಾಟರಿ ಎರಡು-ಮೂರು ವರ್ಷ ಹಳೇದಾಗಿದ್ದರೆ ಅಷ್ಟಕ್ಕೇ ಸೆಲ್ಫ್ ನಿಂತುಹೋಗುತ್ತೆ. ಭತ್ತದ ಕೊಯ್ಲಿನ ತಿಂಗಳು ಯಾರೂ ಕಾರಿನ ಕಡೆ ತಿರುಗಿ ನೋಡಲ್ಲ, ಆಮೇಲೆ ಬ್ಯಾಟರಿ ಕಂಪನಿಗೆ ಬೈಗುಳ!

ಖಾಲಿಯಾದದ್ದನ್ನು ಚಾರ್ಜ್ ಮಾಡಿದರೆ ಆಯ್ತಲ್ಲ ಅನ್ನಬಹುದು. ಪೂರ್ತಿ ಆಗಲ್ಲ. ಈ ಬ್ಯಾಟರಿಯ ಮೂಲ ರಚನೆ 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ಮಾಡಿದ್ದು. ಸೀಸದ ಪ್ಲೇಟು, ಗಂಧಕಾಮ್ಲ, ಇಂದಿಗೂ ತತ್ವ ಅದೇ. ಚಾರ್ಜ್ ಇಳಿದಾಗ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಕೂರುತ್ತೆ. ಕೂಡಲೇ ಚಾರ್ಜ್ ಮಾಡಿದರೆ ಕರಗುತ್ತೆ. ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗುತ್ತೆ, ಆಮೇಲೆ ಯಾವ ಚಾರ್ಜರಿಗೂ ಬಗ್ಗಲ್ಲ. ಪ್ರತಿ ಸಲ ಪೂರ್ತಿ ಡೌನ್ ಮಾಡಿಕೊಂಡಾಗಲೂ ಆಯಸ್ಸಿನ ಒಂದು ಪಾಲು ಹೋಗುತ್ತೆ. ಇದರ ಜೊತೆಗೆ ಬಿಸಿಲು. ಉಷ್ಣತೆ 10 ಡಿಗ್ರಿ ಏರಿದರೆ ಒಳಗಿನ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಎರಡರಷ್ಟಾಗುತ್ತೆ, ಬಾಳಿಕೆ ಅರ್ಧಕ್ಕೆ ಇಳಿಯುತ್ತೆ. ಯುರೋಪಿನವರು ಚಳಿಗಾಲಕ್ಕೆ ಹೆದರಿದರೆ ನಾವು ಹೆದರಬೇಕಾದ್ದು ಏಪ್ರಿಲ್‌ಗೆ. ತಗಡಿನ ಶೆಡ್ಡಿಗಿಂತ ಹುಣಸೆಮರದ ನೆರಳು ವಾಸಿ.

ಪರಿಹಾರ ಸುಲಭ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡೋದು ಪೆಟ್ರೋಲ್ ದಂಡ, ಬ್ಯಾಟರಿಗೂ ಲಾಭವಿಲ್ಲ. ವಾರಕ್ಕೊಂದು ಸಲ ಅರ್ಧ ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸಿ. ಹದಿನೈದು ದಿನಕ್ಕಿಂತ ಜಾಸ್ತಿ ನಿಲ್ಲಿಸೋದಿದ್ದರೆ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ, 10 ನಂಬರ್ ಸ್ಪ್ಯಾನರ್ ಸಾಕು. ಬಿಚ್ಚುವ ಮುಂಚೆ ಕೀ ನಿಮ್ಮ ಕೈಯಲ್ಲೇ ಇರಲಿ, ಒಳಗಿಟ್ಟು ಬಾಗಿಲು ಹಾಕಬೇಡಿ. ಮರಳಿ ಜೋಡಿಸಿದಾಗ ಗಡಿಯಾರ, ರೇಡಿಯೊ ಸೆಟ್ಟಿಂಗ್ ಹೋಗಿರುತ್ತೆ, ಅಷ್ಟೇ. ಮತ್ತೆ, ಬಾಗಿಲು ಸರಿಯಾಗಿ ಹಾಕದೆ ಒಳಗಿನ 5 ವ್ಯಾಟ್ ಬಲ್ಬು ರಾತ್ರಿಯಿಡೀ ಉರಿದರೆ 4 ಆಂಪಿಯರ್-ಅವರ್ ಹೋಗುತ್ತೆ, ಬೆಳಗ್ಗೆ ಸೆಲ್ಫ್ ಬರಬಹುದು. ಹೆಡ್‌ಲೈಟ್ ಎರಡೂ ಉರಿದರೆ ನಾಲ್ಕು ಗಂಟೆಯೊಳಗೆ ಕಥೆ ಮುಗಿಯಿತು.

ಕೆಟ್ಟಿದ್ದು ಬ್ಯಾಟರಿಯೇನಾ?

ಅಂಗಡಿಗೆ ಹೋಗುವ ಮುಂಚೆ ಇದನ್ನು ನೋಡಿ. ಮುನ್ನೂರು-ನಾನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್ ಒಂದು ಮನೆಯಲ್ಲಿರಲಿ, ಪಂಪ್‌ಸೆಟ್ ಇರುವ ಮನೆಗೆ ಅದು ಹೇಗೂ ಉಪಯೋಗಕ್ಕೆ ಬರುತ್ತೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಗ್ಗೆ ಅಳೆದಾಗ 12.6 ವೋಲ್ಟ್ ಬಂದರೆ ಪೂರ್ತಿ ಚಾರ್ಜ್. 12.4 ಅಂದರೆ ಮುಕ್ಕಾಲು, 12.2 ಅರ್ಧ, 12ಕ್ಕಿಂತ ಕೆಳಗಿದ್ದರೆ ಖಾಲಿ ಅಂತಲೇ ತಿಳಿಯಿರಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಚಾರ್ಜ್ ಪೂರ್ತಿಯಿದ್ದೂ ಬಿದ್ದರೆ ಬ್ಯಾಟರಿ ಮುಗಿದಿದೆ.

ಇಂಜಿನ್ ಓಡುತ್ತಿರುವಾಗ 13.8ರಿಂದ 14.5 ಇರಬೇಕು. ಇತ್ತೀಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರು ಇದನ್ನು ಏರಿಳಿಸುತ್ತೆ, ಅದು ಬೇರೆ ಮಾತು. ಆದರೆ ಹಳೇ ಕಾರಿನಲ್ಲಿ ಇಂಜಿನ್ ಓಡುತ್ತಿದ್ದರೂ 12.3ರಲ್ಲೇ ನಿಂತಿದ್ದರೆ ತೊಂದರೆ ಆಲ್ಟರ್ನೇಟರ್‌ದು ಅಥವಾ ಅದರ ಬೆಲ್ಟ್‌ದು. ಇದನ್ನು ನೋಡದೆ ಹೊಸ ಬ್ಯಾಟರಿ ಹಾಕಿಸಿದವರು ವಾರದೊಳಗೆ ಮತ್ತೆ ಕಾರು ತಳ್ಳುತ್ತಾರೆ. ಇನ್ನೂ ಅಗ್ಗದ ಕಾರಣವೊಂದಿದೆ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಕರೆಂಟ್ ಹರಿಯಲ್ಲ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಬ್ರಷ್ಷಿನಲ್ಲಿ ಉಜ್ಜಿ, ಒರೆಸಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ. ಗ್ರೀಸ್ ಬಳಿಯುವುದಿದ್ದರೂ ಬಿಗಿ ಮಾಡಿದ ಮೇಲೆ ಬಳಿಯಿರಿ.

ಕೊಳ್ಳುವಾಗ

ಬ್ರ್ಯಾಂಡ್ ಬಗ್ಗೆ ಜಗಳ ಬೇಡ. ಎಕ್ಸೈಡ್, ಅಮರಾನ್, ಎಸ್‌ಎಫ್ ಸೋನಿಕ್ ಎಲ್ಲವೂ ನಡೆಯುತ್ತೆ. (ಎಸ್‌ಎಫ್ ಸೋನಿಕ್ ಕೂಡ ಎಕ್ಸೈಡ್ ಕಂಪನಿಯದ್ದೇ, ಹಾಗಾಗಿ ಅವೆರಡರ ನಡುವೆ ಬಹಳ ತಲೆಕೆಡಿಸಿಕೊಳ್ಳಬೇಡಿ.) ನನ್ನ ಪ್ರಕಾರ ಬ್ರ್ಯಾಂಡಿಗಿಂತ ಮುಖ್ಯ ತಯಾರಾದ ತಿಂಗಳು. ಸಣ್ಣ ಊರಿನ ಅಂಗಡಿಗಳಲ್ಲಿ ಮಾಲು ನಿಧಾನಕ್ಕೆ ಓಡುತ್ತೆ, ಎಂಟ್ಹತ್ತು ತಿಂಗಳು ಶೆಲ್ಫಿನಲ್ಲೇ ಕೂತ ಬ್ಯಾಟರಿ ನಿಮ್ಮ ಕಾರಿಗೆ ಬರುವ ಮುಂಚೆಯೇ ಸಲ್ಫೇಟ್ ಹಿಡಿದಿರುತ್ತೆ. ಮೂರು ತಿಂಗಳೊಳಗಿನದ್ದು ಕೇಳಿ, ಆರು ದಾಟಿದ್ದರೆ ಬೇಡ ಅನ್ನಿ. ಮೀಟರ್ ಹಿಡಿದು 12.4ಕ್ಕಿಂತ ಕಮ್ಮಿ ತೋರಿಸಿದರೂ ಬೇಡ ಅನ್ನಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಸಣ್ಣ ಪೆಟ್ರೋಲ್ ಕಾರಿಗೆ ಸಾಮಾನ್ಯವಾಗಿ 35 ಎಎಚ್, ಡೀಸೆಲ್‌ಗೆ ಇನ್ನೂ ದೊಡ್ಡದು, ಯಾಕಂದರೆ ಡೀಸೆಲ್ ಇಂಜಿನ್ನಿನ ಒತ್ತಡ ಜಾಸ್ತಿ, ತಿರುಗಿಸೋಕೆ ಬಲ ಬೇಕು. ಮ್ಯಾನ್ಯುಯಲ್‌ನಲ್ಲಿ ಹೇಳಿದ್ದಕ್ಕಿಂತ ಒಂದು ಸೈಜು ದೊಡ್ಡದು ಟ್ರೇಯಲ್ಲಿ ಕೂತರೆ ಹಾಕಬಹುದು, ಆಲ್ಟರ್ನೇಟರ್ ಸುಡುತ್ತೆ ಅನ್ನೋದು ಸುಳ್ಳು. ಚಿಕ್ಕದು ಮಾತ್ರ ಹಾಕಬೇಡಿ. 38ಬಿ20ಎಲ್ ಥರದ ಕೋಡಿನ ಕೊನೆಯಲ್ಲಿ ಎಲ್ ಅಥವಾ ಆರ್ ಇರುತ್ತೆ, ಟರ್ಮಿನಲ್ ಯಾವ ಕಡೆ ಅನ್ನೋದು ಅದು. ತಪ್ಪಿದರೆ ಕೇಬಲ್ ಎಟುಕಲ್ಲ. ಸಿಗ್ನಲ್‌ನಲ್ಲಿ ತಾನೇ ಇಂಜಿನ್ ಆಫ್ ಆಗುವ ಕಾರಿದ್ದರೆ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯೇ ಬೇಕು, ಮಾಮೂಲಿಯದ್ದು ಬೇಗ ಸಾಯುತ್ತೆ.

ವಾರಂಟಿ 48 ತಿಂಗಳು ಅಂದ ಕೂಡಲೇ ಖುಷಿಪಡಬೇಡಿ. ಅದರಲ್ಲಿ 24 ತಿಂಗಳು ಮಾತ್ರ ಉಚಿತ ಬದಲಾವಣೆ, ಉಳಿದ 24ರಲ್ಲಿ ಹೊಸದರ ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ, ಹೀಗೂ ಇರುತ್ತೆ. ಕೇಳಬೇಕಾದ ಪ್ರಶ್ನೆ 'ಉಚಿತ ಎಷ್ಟು ತಿಂಗಳು?' ಅಂತ. ಕಾರ್ಡಿಗೆ ಸೀಲು, ದಿನಾಂಕ, ಗಾಡಿ ನಂಬರು ಹಾಕಿಸಿಕೊಳ್ಳಿ.

ಬದಲಾಯಿಸುವಾಗ ಬಿಚ್ಚೋದು ಮೊದಲು ನೆಗೆಟಿವ್, ಜೋಡಿಸೋದು ಮೊದಲು ಪಾಸಿಟಿವ್. ಇದು ಶಾಸ್ತ್ರವಲ್ಲ. ಕಾರಿನ ಬಾಡಿಯೆಲ್ಲ ನೆಗೆಟಿವ್, ಹಾಗಾಗಿ ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ನೂರಾರು ಆಂಪಿಯರ್‌ನ ಕಿಡಿ. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಬರುತ್ತೆ, ಹತ್ತಿರ ಬೀಡಿ ಸಿಗರೇಟು ಬೇಡ. ಆಸಿಡ್ ಕಣ್ಣಿಗೆ ಹಾರಿದರೆ ಕನಿಷ್ಠ 15 ನಿಮಿಷ ನೀರು ಹಾಕುತ್ತಾ ತೊಳೆದು ಆಸ್ಪತ್ರೆಗೆ ಹೋಗಿ.

ಇನ್ನೊಂದು ಕಾರಿನಿಂದ ಜಂಪ್ ಕೊಡುವಾಗ ಮೊದಲು ಎರಡೂ ಪಾಸಿಟಿವ್, ಆಮೇಲೆ ಚಾರ್ಜಿರುವ ಬ್ಯಾಟರಿಯ ನೆಗೆಟಿವ್, ಕೊನೆಯದನ್ನು ಕೆಟ್ಟ ಕಾರಿನ ಇಂಜಿನ್ನಿನ ಬರಿ ಕಬ್ಬಿಣಕ್ಕೆ ಕಚ್ಚಿಸಿ. ಟ್ರ್ಯಾಕ್ಟರ್‌ನಿಂದಲೂ ಕೊಡಬಹುದು, ಅದೂ 12 ವೋಲ್ಟೇ. ಆದರೆ ಲಾರಿಗಳಲ್ಲಿ 24 ವೋಲ್ಟ್ ಇರುತ್ತೆ, ಅದರಿಂದ ಕೊಟ್ಟರೆ ಕಾರಿನ ಕಂಪ್ಯೂಟರ್ ಹೋಗಬಹುದು.

ನೀರು, ಯುಪಿಎಸ್, ಗುಜರಿ

ಮುಚ್ಚಳ ಇರುವ ಬ್ಯಾಟರಿಗೆ ಬೋರ್ ನೀರು ಹಾಕಬೇಡಿ, ಫಿಲ್ಟರ್ ನೀರೂ ಬೇಡ. ಬೋರ್ ನೀರಿನ ಲವಣ ಪ್ಲೇಟನ್ನು ಹಾಳುಮಾಡುತ್ತೆ. ಡಿಸ್ಟಿಲ್ಡ್ ವಾಟರ್ ಮಾತ್ರ, ಗುರುತಿನ ತನಕ. ಆಸಿಡ್ ಸೇರಿಸಬಾರದು, ಆವಿಯಾಗಿದ್ದು ನೀರು.

ಹಳೇ ಕಾರ್ ಬ್ಯಾಟರಿಯನ್ನು ಮನೆ ಯುಪಿಎಸ್‌ಗೆ ಹಾಕೋದು ನಮ್ಮ ಕಡೆ ಮಾಮೂಲು. ಉಳಿತಾಯ ಅನ್ನಿಸುತ್ತೆ, ಅಲ್ಲ. ಕಾರಿನದ್ದು ತೆಳು ಪ್ಲೇಟು, ಒಂದು ಕ್ಷಣ ದೊಡ್ಡ ಕರೆಂಟ್ ಕೊಡೋಕೆ ಮಾಡಿದ್ದು. ಯುಪಿಎಸ್‌ನ ಟ್ಯೂಬುಲರ್ ಬ್ಯಾಟರಿ ಗಂಟೆಗಟ್ಟಲೆ ನಿಧಾನಕ್ಕೆ ಇಳಿಯೋಕೆ ಮಾಡಿದ್ದು. ಬೇಸಿಗೆಯ ಪವರ್ ಕಟ್‌ನಲ್ಲಿ ಕಾರಿನದ್ದು ಕೆಲವೇ ತಿಂಗಳು ತಡೆಯುತ್ತೆ.

ಇನ್ನು ಸತ್ತ ಬ್ಯಾಟರಿ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ, ಅದಕ್ಕೇ ಗುಜರಿಯವರು ಮನೆ ಬಾಗಿಲಿಗೆ ಬಂದು ಕೇಳೋದು. ಅಂಗಡಿಯ ಎಕ್ಸ್‌ಚೇಂಜ್‌ಗಿಂತ ನೂರಿನ್ನೂರು ಜಾಸ್ತಿಯೂ ಕೊಡಬಹುದು. ಎಲ್ಲೋ ಬಯಲಲ್ಲಿ ಅದನ್ನು ಒಡೆದು ಆಸಿಡ್ ಚೆಲ್ಲಿ ಸೀಸ ಕರಗಿಸಿದರೆ ಮಣ್ಣು, ಹೊಗೆ ಎರಡರಲ್ಲೂ ವಿಷ, ಮೊದಲ ಪೆಟ್ಟು ಸಣ್ಣ ಮಕ್ಕಳ ಮೆದುಳಿಗೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಬೇರೆ ಕಸದ ಜೊತೆ ಸೇರಿಸದೆ ಅದನ್ನು ಸಂಗ್ರಹಿಸುವವರಿಗೆ ಒಪ್ಪಿಸುವ ಹೊಣೆ ನಮ್ಮದು. ಹೊಸದು ಕೊಂಡ ಅಂಗಡಿಯಲ್ಲೇ ಹಳೇದು ಕೊಡಿ, ಅದರ ಬೆಲೆ ಬಿಲ್ಲಿನಲ್ಲಿ ಬೇರೆಯಾಗಿ ಕಳೆದು ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ 'ಎಲ್ಲಾ ಸೇರಿ ಇಷ್ಟು ಕೊಡಿ' ಅಂದರೆ ಹಳೇದರ ದುಡ್ಡು ಎಲ್ಲಿ ಹೋಯಿತು ಅಂತ ಗೊತ್ತೇ ಆಗಲ್ಲ.