ಆಸ್ಪತ್ರೆಯ ಸಮಾಜಸೇವಕರ ಮರುಶಿಕ್ಷಣ: ಬಾಸ್ಟನ್ನಿನ ಒಂದು ಪ್ರಕರಣ

ಅಮೆರಿಕದ ಆಸ್ಪತ್ರೆಗಳಲ್ಲಿ ಸಮಾಜಸೇವೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ 1905ನೆಯ ಇಸವಿಯಿಂದ ಆರಂಭಿಸುತ್ತಾರೆ. ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಡಾ. ರಿಚರ್ಡ್ ಕ್ಯಾಬಟ್ ಅವರು ಸಮಾಜಸೇವಾ ವಿಭಾಗವನ್ನು ತೆರೆದದ್ದು ಆ ವರ್ಷ. ಕ್ಷಯರೋಗಿಗೆ ಗಾಳಿ, ವಿಶ್ರಾಂತಿ, ಪುಷ್ಟಿಕರವಾದ ಆಹಾರಗಳನ್ನು ವಿಧಿಸುವುದು ವೈದ್ಯನಿಗೆ ಸುಲಭ. ಕತ್ತಲೆಯ ಕೋಣೆಯಲ್ಲಿ ಸಂಸಾರ ಹೂಡಿದ ಕೂಲಿಗಾರನು ಅವನ್ನು ಎಲ್ಲಿಂದ ತರಬೇಕು? ಇದಕ್ಕೆ ದಾರಿ ಹುಡುಕಲು ಮೊದಲು ನಿಯುಕ್ತರಾದವರು ಗಾರ್ನೆಟ್ ಪೆಲ್ಟನ್ ಎಂಬ ದಾದಿ. ಅವರೂ ಅದೇ ಕ್ಷಯಕ್ಕೆ ತುತ್ತಾಗಿ ಬೇಗನೆ ಕೆಲಸ ಬಿಡಬೇಕಾಯಿತು.

ಆದರೆ ನನ್ನ ದೃಷ್ಟಿಯಲ್ಲಿ ಹೆಚ್ಚು ಮಹತ್ತ್ವದ ವರ್ಷ 1912. ಪೆಲ್ಟನ್ ಅವರ ತರುವಾಯ ವಿಭಾಗವನ್ನು ಕಟ್ಟಿ ಬೆಳೆಸಿದ ಐಡಾ ಕ್ಯಾನನ್ ಮೊದಲೇ ಶಿಕ್ಷಣ ಪಡೆದಿದ್ದ ದಾದಿ. ಜೇನ್ ಆಡಮ್ಸ್ ಅವರ ಉಪನ್ಯಾಸವನ್ನು ಕೇಳಿ ಪ್ರೇರಿತರಾಗಿ, ಬಾಸ್ಟನ್ನಿನ ಸಮಾಜಕಾರ್ಯ ಶಾಲೆಯಲ್ಲಿ ಪುನಃ ವಿದ್ಯಾರ್ಥಿನಿಯಾದವರು. ರೋಗವನ್ನು ಬಲ್ಲವರಿಗೆ ರೋಗಿಯ ಮನೆ ತಿಳಿಯದು, ಮನೆಯನ್ನು ಬಲ್ಲವರಿಗೆ ರೋಗ ತಿಳಿಯದು. ಈ ಕೊರತೆಯನ್ನು ತುಂಬುವ ವಿಶೇಷ ವ್ಯಾಸಂಗವು ಅವರ ಶ್ರಮದಿಂದ 1912ರಲ್ಲಿ ಅದೇ ಶಾಲೆಯಲ್ಲಿ ಏರ್ಪಟ್ಟಿತು. 1918ರಲ್ಲಿ ಆಸ್ಪತ್ರೆಯ ಸಮಾಜಸೇವಕರು ರಾಷ್ಟ್ರೀಯ ಸಂಘವೊಂದನ್ನು ಸ್ಥಾಪಿಸಿದಾಗ, ಶಿಕ್ಷಣದ ಮಟ್ಟವೇ ಅದರ ಮುಖ್ಯ ಕಾಳಜಿಗಳಲ್ಲೊಂದಾಯಿತು. ಆಶ್ಚರ್ಯವೆಂದರೆ, ಇಷ್ಟೆಲ್ಲ ನಡೆದ ಮೇಲೆ, 1919ರಲ್ಲಿ, ಆಸ್ಪತ್ರೆಯು ಈ ವಿಭಾಗವನ್ನು ತನ್ನದೆಂದು ಒಪ್ಪಿಕೊಂಡಿತು.